ಚೆನ್ನೆಮಣೆಯೊಳಗೆ ಅಬ್ದುಲ್ಲಚ್ಚ

ಮೊನ್ನೆ ಕಾಸರಗೋಡಿನಲ್ಲಿ ಒಂದು ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಲು ನಿಂತಿದ್ದೆ. ಹೊರಗೆ ಮಳೆ. ಒಳಗೆ ಯಂತ್ರ ಬಿಸಿಯಾಗಿ ಆ ಪ್ಲಾಸ್ಟಿಕ್ಕಿನ ವಾಸನೆ ಬಂತು ನೋಡಿ, ನಾನು ಎಂಟು ವರ್ಷ ಹಿಂದೆ ಹೋಗಿ ಬೋವಿಕಾನದ ಪೇಟೆಯಲ್ಲಿ ಇಳಿದಿದ್ದೆ. "ಎಂತ ಅಕ್ಕ, ಒಬ್ಬರೇ ನಗುವುದು?" ಎಂದು ಅಂಗಡಿಯ ಹುಡುಗಿ ಕೇಳಿದಳು. ಒಂದು ಯುದ್ಧದ ನೆನಪಾಯಿತು ಎಂದರೆ ಅವಳು ಹೆದರಿಯಾಳೆಂದು ಸುಮ್ಮನೆ ಕಾರ್ಡು ತೆಗೆದುಕೊಂಡು ಬಂದೆ.

2011ರಲ್ಲಿ ನಾನು ಬೋವಿಕಾನದಲ್ಲಿ ಅಬ್ದುಲ್ಲಚ್ಚನ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದುಬಾಯಿಯಲ್ಲಿ ಬಹಳ ವರ್ಷ ದುಡಿದು, ಸಾಕಪ್ಪ ಸಾಕು ಎಂದು ಊರಿಗೆ ಬಂದು ಅಂಗಡಿ ಹಾಕಿದ ಮನುಷ್ಯ ಅವರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಸ್ವರ, ಕೋಪ ಬಂದರೂ ನಗು ಬಂದರೂ ಮೇಜಿಗೆ ಒಂದೇ ರೀತಿ ಬಡಿಯುವ ಅಭ್ಯಾಸ. ನಮ್ಮದು ಹೆಚ್ಚಾಗಿ ಮದುವೆ ಕಾರ್ಡಿನ ಕೆಲಸ. ಕನ್ನಡ ಬರೆಯುವುದು, ತಿದ್ದುವುದು ನನ್ನ ಪಾಲು. ಚಿತ್ರ, ವಿನ್ಯಾಸವೆಲ್ಲ ಅವರ ಮಗಳು ಸಫಿಯಾಳದ್ದು. ಅವಳು ಮದುಮಗಳಂದಿರ ಕೈಗೆ ಮದರಂಗಿ ಬಿಡಿಸುವುದರಲ್ಲೂ ಹೆಸರು ಮಾಡಿದ್ದಳು. ಅವಳ ಪೆನ್ನಿಗೂ ಮದರಂಗಿಯ ಗುಣವೇ ಬಂದಿತ್ತು. ಗೆರೆ ಎಳೆಯಲು ಹೊರಟರೆ ಬಳ್ಳಿಯಾಗುತ್ತಿತ್ತು.

ಮದುವೆ ಕಾರ್ಡಿನಲ್ಲಿ ಕಷ್ಟದ ಕೆಲಸ ಅಕ್ಷರವಲ್ಲ, ಹೆಸರು. ಸೋದರಮಾವನಿಗೂ ಚಿಕ್ಕಪ್ಪನಿಗೂ ಮಾತಿಲ್ಲ, ಇಬ್ಬರ ಹೆಸರೂ ಬರಬೇಕು. ಯಾರದು ಮೇಲೆ, ಯಾರದು ಕೆಳಗೆ? ಅಂಗಡಿಯಲ್ಲೇ ಜಗಳವಾದದ್ದುಂಟು. ಆಗ ಅಬ್ದುಲ್ಲಚ್ಚ ಎದ್ದು ಬರುತ್ತಿದ್ದರು. "ನೋಡು ಶಶಿ, ಜಗಳ ಇರುವವರ ಹೆಸರು ಒಂದೇ ಸಾಲಿನಲ್ಲಿ ಹಾಕ್ಲಿಕ್ಕಿಲ್ಲ. ಹಾಗೆ ಹೇಳಿ ಕಾರ್ಡಿನಿಂದ ಬಿಡ್ಲಿಕ್ಕೂ ಇಲ್ಲ. ಎಡದಲ್ಲಿ ಒಬ್ಬ, ಬಲದಲ್ಲಿ ಒಬ್ಬ, ನಡುವಿನಲ್ಲಿ ಒಂದು ಹೂ. ಆಯ್ತಾ?" ಆಗುತ್ತಿತ್ತು. ನಮ್ಮ ಕಡೆಯ ಎಷ್ಟೋ ಮದುವೆಗಳು ಆ ಹೂವಿನಿಂದಾಗಿಯೇ ಸುಸೂತ್ರವಾಗಿ ನಡೆದವು ಎಂದು ನನ್ನ ನಂಬಿಕೆ.

ಆದರೆ ಮಳೆಗಾಲದ ನಡುವಿನ ಆಟಿ ತಿಂಗಳು ಬಂದರೆ ಮುಗಿಯಿತು. ಆಟಿಯಲ್ಲಿ ನಮ್ಮ ತುಳುವರಲ್ಲಿ ಮದುವೆಯಿಲ್ಲ. ಆ ವರ್ಷ ಆಟಿಯ ನಡುವಿನಲ್ಲಿ ರಂಜಾನ್ ಉಪವಾಸವೂ ಬಂದು ಸೇರಿದ್ದರಿಂದ ಬ್ಯಾರಿಗಳ ಮನೆಯಿಂದಲೂ ಯಾರೂ ಕಾರ್ಡಿಗೆಂದು ಬರುವಂತಿರಲಿಲ್ಲ. ಮಳೆ ಹೊಡೆದದ್ದೇ ಹೊಡೆದದ್ದು. ಅಂಗಡಿಯಲ್ಲಿ ಮೂವರು ಮನುಷ್ಯರು, ಮೂರು ಕಂಪ್ಯೂಟರು, ಒಂದು ಲ್ಯಾಮಿನೇಶನ್ ಯಂತ್ರ. ಅಬ್ದುಲ್ಲಚ್ಚ ಎಲ್ಲಕ್ಕಿಂತ ಒಳ್ಳೆಯ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧದ ಆಟ ಆಡುತ್ತಿದ್ದರು. ಕೋಟೆ ಕಟ್ಟುವುದು, ದಂಡು ಸೇರಿಸುವುದು, ಇನ್ನೊಬ್ಬನ ಕೋಟೆಗೆ ಮುತ್ತಿಗೆ ಹಾಕುವುದು. ಪ್ರತಿದಿನ ಸೋಲುತ್ತಿದ್ದರು. ಸೋತಾಗಲೆಲ್ಲ ಪರದೆಯ ಮೇಲಿನ ಸಿಪಾಯಿಗಳಿಗೆ ಬ್ಯಾರಿ ಭಾಷೆಯಲ್ಲಿ ಬೈಗುಳ.

"ಉಪ್ಪ ಒಂದು ದಿನ ಅದರ ಒಳಗೇ ಬೀಳ್ತಾರೆ ಶಶಿಯಕ್ಕ," ಎಂದಳು ಸಫಿಯಾ, ಅಪ್ಪನ ಕಡೆ ಕಣ್ಣು ಹಾಯಿಸಿ.

"ಬಿದ್ದರೆ ಒಳ್ಳೆಯದೇ. ನಮಗೆ ಒಂದು ಕತೆ ಆಯ್ತು."

ಹೀಗೆ ತಮಾಷೆಗೆ ಹುಟ್ಟಿದ್ದು ನಮ್ಮ ವೆಬ್ ಕಾಮಿಕ್. ಅದ್ದು ಎಂಬ ಅಂಗಡಿಯವನು ಯುದ್ಧದ ಆಟದೊಳಗೆ ಸಿಕ್ಕಿಬೀಳುತ್ತಾನೆ. ಹೊರಗೆ ಬರಬೇಕಾದರೆ ಯುದ್ಧ ಗೆಲ್ಲಬೇಕು. ಇಷ್ಟು ಅರ್ಧ ಗಂಟೆಯಲ್ಲಿ ತಯಾರಾಯಿತು. ಆದರೆ ಸಫಿಯಾಳಿಗೆ ಕುದುರೆ ಬರೆಯಲು ಬಾರದು. ಅವಳು ಬರೆದ ಕುದುರೆಗಳೆಲ್ಲ ಆಡಿನ ಹಾಗೆ ಕಂಡವು. ಆಡುಗಳ ಮೇಲೆ ಕುಳಿತ ಸೈನ್ಯವನ್ನು ನೋಡಿ ಅಬ್ದುಲ್ಲಚ್ಚ ಮೇಜಿಗೆ ಬಡಿದರು. ಕುದುರೆ ಬೇಡದ ಯುದ್ಧ ಯಾವುದು ಎಂದು ಯೋಚಿಸುತ್ತ ಮನೆಗೆ ಹೋದರೆ ಅಮ್ಮ ಅಟ್ಟದಿಂದ ಚೆನ್ನೆಮಣೆ ಇಳಿಸಿ ಒರೆಸುತ್ತಿದ್ದಳು.

ಚೆನ್ನೆ ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದದ ಮರದ ಮಣೆ, ಎದುರುಬದುರಾಗಿ ಏಳೇಳು ಗುಳಿ. ಗುಳಿಗೆ ಮನೆ ಎನ್ನುತ್ತೇವೆ. ಮನೆಮನೆಯಲ್ಲಿ ಕೆಂಪು ಮಂಜೊಟ್ಟಿ ಬೀಜಗಳು, ಅವೇ ಆಟದ ಕಾಯಿ. ನಿಮ್ಮ ಒಂದು ಮನೆಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು; ನಿಮ್ಮ ಸಾಲು ಮುಗಿದು ಎದುರಾಳಿಯ ಮನೆ ಬಂದರೆ ಅದಕ್ಕೂ ಒಂದು ಕೊಡಬೇಕು. ಹಂಚಿ ಮುಗಿದಾಗ ಮುಂದಿನ ಮನೆ ಖಾಲಿ ಇದ್ದರೆ ಅದರಾಚೆಯ ಮನೆಯಲ್ಲಿರುವುದೆಲ್ಲ ನಿಮ್ಮದು. ಆಡುವುದು ಆಟಿಯಲ್ಲಿ ಮಾತ್ರ. ಆಟಿ ಮುಗಿಯುವ ದಿನ ಕತ್ತಲಾಗುವ ಮೊದಲು ಮಣೆ ಅಟ್ಟಕ್ಕೆ ಹೋಗಬೇಕು, ಮತ್ತೆ ಇಳಿಯುವುದು ಮುಂದಿನ ಆಟಿಗೆ. ಇನ್ನೊಂದು ಕಟ್ಟುನಿಟ್ಟು ಉಂಟು: ಅಕ್ಕ ತಂಗಿ ಎದುರುಬದುರು ಕುಳಿತು ಚೆನ್ನೆ ಆಡಬಾರದು. ಆಡಿದರೆ ಜಗಳವಾಗುತ್ತದಂತೆ.

ನಮ್ಮ ಮನೆಯಲ್ಲಿ ಆ ಜಗಳ ಆಗಿಹೋಗಿತ್ತು. ಅಮ್ಮನ ಹೆಸರು ಕಮಲ. ಅವಳ ಅಕ್ಕ ಸರೋಜ, ನನ್ನ ದೊಡ್ಡಮ್ಮ, ಸೀತಾಂಗೋಳಿಯಲ್ಲಿದ್ದರು. ಚಿಕ್ಕಂದಿನಲ್ಲಿ ಇಬ್ಬರೂ ಹಿರಿಯರ ಕಣ್ಣು ತಪ್ಪಿಸಿ ಅಟ್ಟದಲ್ಲಿ ಚೆನ್ನೆ ಆಡುತ್ತಿದ್ದರಂತೆ. ಆಗೇನೂ ಆಗಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಮಣೆ ಯಾರಿಗೆ ಎಂಬ ಮಾತು ಬಂತು. ಅಮ್ಮ ಮಣೆ ಎತ್ತಿಕೊಂಡಳು. ದೊಡ್ಡಮ್ಮ ಕಾಯಿಯ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡರು. ಅಲ್ಲಿಂದ ಮಾತಿಲ್ಲ, ಬರುಹೋಗು ಇಲ್ಲ. ಅಮ್ಮ ಹುಣಸೆ ಬೀಜ ಹಾಕಿ ಆಡಿದಳು. ದೊಡ್ಡಮ್ಮ ಮೊಟ್ಟೆಯ ಟ್ರೇಯಲ್ಲಿ ಕಾಯಿ ಹಾಕಿ ಆಡಿದರು ಎಂದು ಯಾರೋ ಹೇಳಿದರು. ಇಬ್ಬರಿಗೂ ಆಟ ರುಚಿಸಲಿಲ್ಲ, ಇಬ್ಬರೂ ಬಗ್ಗಲಿಲ್ಲ. ಆಟಿ ಬಂದಾಗಲೆಲ್ಲ ಅಮ್ಮ ಮಣೆ ಒರೆಸುತ್ತ ಸೀತಾಂಗೋಳಿಯ ದಿಕ್ಕಿಗೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಕೇಳಿದರೆ, "ಧೂಳು ಮಾರಾಯ್ತಿ," ಎನ್ನುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಇಬ್ಬರು ಮುದುಕಿಯರು ಇನ್ನೆಷ್ಟು ಆಟಿಯನ್ನು ಹೀಗೆ ಹಾಳುಮಾಡಿಯಾರು?

ಮರುದಿನ ಅದ್ದು ಚೆನ್ನೆಮಣೆಯೊಳಗೆ ಬಿದ್ದ. ಕಣ್ಣು ಬಿಟ್ಟರೆ ಮರದ ಗುಳಿ, ಎದುರಿಗೆ ಮೀಸೆ ಬಿಟ್ಟ ನಾಲ್ಕು ಕೆಂಪು ಕಾಯಿಗಳು ಸಲಾಮು ಹೊಡೆದು ನಿಂತಿವೆ. "ಫಿರಂಗಿ ಎಲ್ಲಿ?" ಎಂದು ಅದ್ದು ಕೇಳುತ್ತಾನೆ. "ಫಿರಂಗಿ ಇಲ್ಲ ಧಣಿ. ನಮ್ಮನ್ನು ಮನೆಮನೆಗೆ ಹಂಚಬೇಕು." "ಶತ್ರುವಿನ ಮನೆಗೂ?" "ಅವರಿಗೂ ಒಬ್ಬನನ್ನು ಕೊಡದೆ ಆಟ ಮುಂದೆ ಹೋಗುವುದು ಹೇಗೆ ಧಣಿ?" "ಇದು ಎಂತದ್ದು ಯುದ್ಧ ಮಾರಾಯ! ಇದು ಮದುವೆ ಊಟ ಬಡಿಸಿದ ಹಾಗೆ ಉಂಟಲ್ಲ!" ಎದುರಿನ ಸಾಲಿನ ರಾಣಿ, ವೀಳ್ಯ ಮೆಲ್ಲುವ, ದೊಡ್ಡ ಕುಂಕುಮದ ಕಮಲಮ್ಮ. ಅವಳ ಸಾಲಿನ ಎರಡನೆಯ ಮನೆಯಲ್ಲಿ ಹೊರಗೆ ಹೋಗುವ ಬಾಗಿಲು. ಆ ಮನೆ ಗೆದ್ದರೆ ಅದ್ದು ಪಾರು. ಆಟಿ ಮುಗಿಯುವುದರೊಳಗೆ ಗೆಲ್ಲದಿದ್ದರೆ ಮಣೆ ಅಟ್ಟಕ್ಕೆ, ಅದ್ದು ಮುಂದಿನ ವರ್ಷದವರೆಗೆ ಜೇಡಗಳ ಜೊತೆ.

ಸಫಿಯಾ ಮಣೆಯ ಮರಕ್ಕೆಲ್ಲ ಮದರಂಗಿಯ ಬಳ್ಳಿ ಎಳೆದಳು. ಕಾಯಿಗಳು ಓಡುವಾಗ ಎದ್ದ ಧೂಳು ಕೂಡ ಹೂವಾಗಿ ಸುತ್ತಿಕೊಂಡಿತು. ಸ್ಕ್ಯಾನ್ ಮಾಡಿ, ನಾನು ಮಾತು ತುಂಬಿಸಿ, ಬ್ಲಾಗಿಗೆ ಹಾಕಿದೆವು. ಅಲ್ಲೇ ಒಂದು ಜಂಬದ ಮಾತನ್ನೂ ಬರೆದೆ: "ಇಲ್ಲಿ ಬರುವ ಪ್ರತಿ ನಡೆಯೂ ನಿಜವಾದ ಮಣೆಯ ಮೇಲೆ ಆಡಿದ್ದು." ಅದು ಸುಳ್ಳಲ್ಲ. ಸಂಜೆ ಮನೆಯಲ್ಲಿ ನಾನು ಅದ್ದುವಿನ ಪರವಾಗಿ ಅಮ್ಮನೊಡನೆ ಆಡುತ್ತಿದ್ದೆ, ಮರುದಿನ ಅದೇ ಕತೆಯಾಗುತ್ತಿತ್ತು. ಮಾಡಿಕೊಂಡ ಎಡವಟ್ಟು ಒಂದೇ, ನನಗೆ ಚೆನ್ನೆ ನೆಟ್ಟಗೆ ಬರುತ್ತಿರಲಿಲ್ಲ.

ಓದುಗರು ಹೇಗೆ ಬಂದರೋ ತಿಳಿಯದು. ಶಾರ್ಜಾದಿಂದ, ಕತಾರಿನಿಂದ, ಮಂಗಳೂರಿನಿಂದ. ಆಟಿಯ ಮಳೆ ಕಾಣದೆ ಮರಳುಗಾಡಿನಲ್ಲಿ ಬೇಯುತ್ತಿದ್ದ ಊರಿನವರಿಗೆ ಆ ಕೆಂಪು ಕಾಯಿಗಳನ್ನು ನೋಡಿ ಎಂತ ಅನಿಸಿತೋ, ಕಮೆಂಟುಗಳ ಸುರಿಮಳೆ. ಒಬ್ಬ ಕೋಣೆಯಲ್ಲಿ ಚಹಾದ ಕಪ್ಪುಗಳನ್ನು ಸಾಲಾಗಿಟ್ಟು ಕಡಲೆ ಹಾಕಿ ಆಡುತ್ತಿದ್ದೇನೆ ಎಂದು ಫೋಟೊ ಹಾಕಿದ. ಅಬ್ದುಲ್ಲಚ್ಚ ಯುದ್ಧದಾಟ ಬಿಟ್ಟು ಕಮೆಂಟು ಓದಲು ಕುಳಿತರು. "ನನ್ನ ಹೊಟ್ಟೆ ಇಷ್ಟು ದೊಡ್ಡದು ಉಂಟಾ?" ಎಂದು ಸಫಿಯಾಳನ್ನು ಕೇಳಿದರು. "ಇದು ಕಡಿಮೆ ಮಾಡಿ ಬರೆದದ್ದು ಉಪ್ಪ," ಎಂದಳು ಅವಳು.

ನಗುನಗುತ್ತಲೇ ನಾವು ಬಲೆಗೆ ಬಿದ್ದೆವು. ಆಟಿ ಮುಗಿಯುತ್ತ ಬಂತು. ಅಮ್ಮ ನನ್ನ ಕಾಯಿಗಳನ್ನು ಬಾಚಿ ಬಾಚಿ ಎತ್ತಿಕೊಂಡು ಹೋಗಿ, ಅದ್ದುವಿನ ಬಳಿ ಉಳಿದದ್ದು ಕೊನೆಯ ಮನೆಯಲ್ಲಿ ಏಳು ಕಾಯಿ, ಅದರ ಹಿಂದಿನ ಮನೆಯಲ್ಲಿ ಒಂಟಿ ಕಾಯಿ, ಅಷ್ಟೇ. ಬ್ಲಾಗಿನಲ್ಲಿ ಹಾಹಾಕಾರ. ಊರು ಊರಲ್ಲಿ ಮಣೆ ಹಾಕಿ ನೋಡಿದವರೆಲ್ಲ ತಲೆ ಅಲ್ಲಾಡಿಸಿದರು. ಆ ಏಳನ್ನು ಮುಟ್ಟಿದರೆ ಎಲ್ಲ ರಾಣಿಯ ಮನೆಗೆ ಹೋಗುತ್ತದೆ, ಮುಟ್ಟಬೇಡಿ ಎಂದು ಒಂದೇ ಬೊಬ್ಬೆ.

"ಅಮ್ಮಾ, ಒಂದು ಸಲ ಸೋತುಬಿಡು," ಎಂದೆ.

"ಬೇಕೂಂತ ಸೋಲುವುದಾ? ಮಣೆಗೆ ಅವಮಾನ."

"ಹಾಗಾದರೆ ಸುಳ್ಳೇ ಒಂದು ನಡೆ ಬರೆಯುವಾ," ಎಂದು ಅಂಗಡಿಯಲ್ಲಿ ಹೇಳಿದೆ. ಅಬ್ದುಲ್ಲಚ್ಚ ಒಪ್ಪಲಿಲ್ಲ. "ಕಳ್ಳಾಟದಲ್ಲಿ ಹೊರಗೆ ಬಂದರೆ ಗಲ್ಫಿನವರು ನನ್ನನ್ನು ಬಿಡ್ತಾರಾ? ನಾನು ಪೇಟೆಯಲ್ಲಿ ತಲೆ ಎತ್ತಿ ನಡೆಯುವುದು ಬೇಡ್ವಾ?" ತಾನು ನಿಜವಾಗಿ ಮಣೆಯೊಳಗೆ ಇಲ್ಲ ಎಂಬುದು ಅವರಿಗೆ ಮರೆತೇಹೋಗಿತ್ತು. ಹೋಗುತ್ತ ಬರುತ್ತ ಗೋಡೆಯ ಕ್ಯಾಲೆಂಡರಿನಲ್ಲಿ ಆಟಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು.

ಆಗ ಬಂತು ಆ ಫೋನು. ಅಂಗಡಿಯ ನಂಬರು ನಾವು ಮಾಡಿದ ಪ್ರತಿ ಮದುವೆ ಕಾರ್ಡಿನ ಮೂಲೆಯಲ್ಲೂ ಇರುತ್ತಿತ್ತು, ಹುಡುಕಲು ಕಷ್ಟವಿಲ್ಲ. ಅಬ್ದುಲ್ಲಚ್ಚ ಎತ್ತಿದರು. ಆಚೆಯ ಸ್ವರ ನಮಗೂ ಕೇಳುವಷ್ಟು ಜೋರಾಗಿತ್ತು.

"ನಾನು ಸೀತಾಂಗೋಳಿಯ ಸರೋಜ. ಶಾರ್ಜಾದಿಂದ ಮಗ ಫೋನ್ ಮಾಡಿ ನಿಮ್ಮ ಚಿತ್ರದ ಕತೆ ಹೇಳಿದ. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ನಾನೇ ನೋಡಿದೆ. ಆ ರಾಣಿ ಆಡುತ್ತಾಳಲ್ಲ, ಆ ಆಟ ಅವಳದ್ದಲ್ಲ. ನಾನು ಕಲಿಸಿದ್ದು."

"ಹಾಗಾದರೆ ನನ್ನನ್ನು ಹೊರಗೆ ತರ್ಲಿಕ್ಕೆ ಆಗ್ತದಾ ಸರೋಜಕ್ಕ?" ಅಬ್ದುಲ್ಲಚ್ಚನ ಸ್ವರ ಅಷ್ಟು ಮೆತ್ತಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅದೆಂತ ದೊಡ್ಡದು? ಆಗ್ತದೆ. ಆದರೆ ನಾನು ಅವಳ ಎದುರು ಕೂರುವ ಹಾಗಿಲ್ಲ. ಅಕ್ಕ ತಂಗಿ ಆಡ್ಲಿಕ್ಕೆ ಇಲ್ಲ."

ಫೋನಿನಲ್ಲಿ ನಡೆ ಹೇಳಿ ಎಂದರೆ ಮುಗಿಯುತ್ತಿತ್ತು. ಅಬ್ದುಲ್ಲಚ್ಚ ನನ್ನ ಮುಖ ನೋಡಿದರು. ಅಮ್ಮನಿಗೂ ದೊಡ್ಡಮ್ಮನಿಗೂ ಮಾತಿಲ್ಲದ ಕತೆ ಅವರಿಗೆ ಗೊತ್ತಿತ್ತು. "ನೀವು ಆಡುವುದು ಬೇಡ ಸರೋಜಕ್ಕ. ಆಡುವುದು ನಾನು. ನೀವು ನನ್ನ ಹಿಂದೆ ಕೂತು ಹೇಳಿ. ಅವರು ಆಚೆ, ನೀವು ಈಚೆ, ನಡುವಿನಲ್ಲಿ ನಾನು. ಕಾರ್ಡಿನಲ್ಲಿ ನಾವು ದಿನಾ ಮಾಡುವ ಕೆಲಸ ಇದು." ಆಚೆಯ ಸ್ವರ, "ಬಸ್ಸು ಎಷ್ಟು ಗಂಟೆಗೆ ಉಂಟು?" ಎಂದು ಕೇಳಿತು. ಸಫಿಯಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮನನ್ನು ಒಪ್ಪಿಸುವುದು ಹೆಚ್ಚು ಕಷ್ಟವಾಗಲಿಲ್ಲ. "ಅವಳು ಹೇಳಿಕೊಟ್ಟರೂ ಅಷ್ಟೇ, ನಾನು ಸೋಲುವುದಿಲ್ಲ," ಎಂದು ಮಾತ್ರ ಹೇಳಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಳು.

ಆಟಿಯ ಕೊನೆಯ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ. ಉಪವಾಸದಲ್ಲಿದ್ದ ಅಬ್ದುಲ್ಲಚ್ಚನ ಬೆನ್ನು ಆನೆಯದ್ದಕ್ಕಿಂತ ಗಟ್ಟಿ ಇರಬೇಕು. ಅಂಗಡಿಯ ಮೇಜಿನ ಮೇಲೆ ಮಣೆ. ಒಂದು ಕಡೆ ಅಮ್ಮ. ಎದುರಿಗೆ ಅಬ್ದುಲ್ಲಚ್ಚ. ಅವರ ಅಗಲವಾದ ಬೆನ್ನ ಹಿಂದೆ ಕುರ್ಚಿ ಹಾಕಿ ದೊಡ್ಡಮ್ಮ. ಬಂದವರೇ ಅಮ್ಮನ ಕಡೆ ನೋಡಲೂ ಇಲ್ಲ.

"ಅಬ್ದುಲ್ಲಚ್ಚ, ಅವಳನ್ನು ಕೇಳಿ, ಹುಣಸೆ ಬೀಜದಲ್ಲಿ ಆಡುವುದು ಒಂದು ಆಟವಾ?"

"ಅಬ್ದುಲ್ಲಚ್ಚ, ಅವಳಿಗೆ ಹೇಳಿ, ಮೊಟ್ಟೆ ಟ್ರೇಗಿಂತ ವಾಸಿ."

ಅಬ್ದುಲ್ಲಚ್ಚ ಅತ್ತ ಇತ್ತ ತಿರುಗಿ ಇಬ್ಬರಿಗೂ ಹೇಳಿದರು. ದೊಡ್ಡಮ್ಮ ಚೀಲದಿಂದ ಹಳೆಯ ಪೌಡರ್ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟರು. ಡಬ್ಬಿ ಬಗ್ಗಿಸಿದಾಗ ಮಂಜೊಟ್ಟಿ ಕಾಯಿಗಳು ಮಣೆಯ ಮೇಲೆ ಸುರಿದ ಸದ್ದಿಗೆ ಅಮ್ಮ ವೀಳ್ಯ ಮೆಲ್ಲುವುದನ್ನು ನಿಲ್ಲಿಸಿದಳು. ಒಂದು ಕಾಯಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ, ಮತ್ತೆ ಇಟ್ಟಳು. ನಾನೂ ಸಫಿಯಾಳೂ ಹುಣಸೆ ಬೀಜ ತೆಗೆದು, ಕತೆ ನಿಂತಲ್ಲಿಗೆ ಸರಿಯಾಗಿ ಕಾಯಿಗಳನ್ನು ಜೋಡಿಸಿದೆವು.

ನಡೆ ಅದ್ದುವಿನದು. "ಏಳನ್ನೂ ಎತ್ತಿ," ಎಂದರು ದೊಡ್ಡಮ್ಮ.

"ಸರೋಜಕ್ಕ, ಇದು ನನ್ನ ಪೂರ್ತಿ ಸೈನ್ಯ!"

"ಎತ್ತಿ ಅಂದೆ. ಕೂಡಿಟ್ಟುಕೊಂಡು ಯಾರು ಉದ್ಧಾರ ಆದದ್ದು? ಅವಳಿಗೇ ಕೊಡಿ, ಒಂದೊಂದು ಮನೆಗೆ ಒಂದೊಂದು."

ಅಬ್ದುಲ್ಲಚ್ಚ ಕಣ್ಣು ಮುಚ್ಚಿ ಏನೋ ಗುನುಗಿ ಹಂಚಿದರು. ರಾಣಿಯ ಏಳು ಮನೆಗೂ ಒಂದೊಂದು ಕಾಯಿ ಬಿತ್ತು. ಈಗ ಅದ್ದುವಿನ ಸಾಲಿನಲ್ಲಿ ಒಂದೇ ಒಂದು ಸಿಪಾಯಿ. ಅಮ್ಮನ ಮುಖ ಅರಳಿತು. ಅವಳ ಮೊದಲನೆಯ ಮನೆ, ಬಾಗಿಲಿನ ಮನೆಯ ಕಾವಲಿಗೆಂದು ಇಷ್ಟು ದಿನ ಮುಟ್ಟದೆ ಇಟ್ಟದ್ದು, ಈಗ ತುಂಬಿ ತುಳುಕುತ್ತಿತ್ತು. ಅವಳ ಕೈ ಅದರ ಮೇಲೆ ಆಡಿತು, ಹಿಂದೆ ಬಂತು, ಮತ್ತೆ ಹೋಯಿತು. ಕೊನೆಗೆ ಎತ್ತಿಯೇ ಎತ್ತಿದಳು. ತನ್ನ ಸಾಲಿಗೆಲ್ಲ ಹಂಚಿ, ಮಿಕ್ಕದ್ದನ್ನು ಅದ್ದುವಿನ ಖಾಲಿ ಮನೆಗಳಿಗೆ ಹಾಕಿದಳು.

"ಈಗ ಆ ಒಂಟಿಯನ್ನು ಮುಂದೆ ಇಡಿ," ಎಂದರು ದೊಡ್ಡಮ್ಮ.

ಅಬ್ದುಲ್ಲಚ್ಚ ಒಂಟಿ ಕಾಯಿಯನ್ನು ಒಂದು ಮನೆ ಮುಂದೆ, ಅದ್ದುವಿನ ಕೊನೆಯ ಮನೆಯಲ್ಲಿ ಇಟ್ಟರು. ಅದರ ಮುಂದಿನದು ರಾಣಿ ಆಗತಾನೇ ಬರಿದು ಮಾಡಿದ ಮನೆ. ಅದರಾಚೆಯದು ಬಾಗಿಲು.

ಅರೆಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಬ್ದುಲ್ಲಚ್ಚ ಬಾಗಿಲಿನ ಮನೆಯ ಕಾಯಿಗಳನ್ನು ಮುಷ್ಟಿಯಲ್ಲಿ ಬಾಚಿಕೊಂಡು ಎದ್ದು ನಿಂತು ಮೇಜಿಗೆ ಬಡಿದರು, ಮಣೆ ಒಂದು ಗೇಣು ಹಾರಿತು. "ನಾನು ಹೊರಗೆ! ಸಫಿಯಾ, ನಾನು ಹೊರಗೆ!" ಎಂಬ ಬೊಬ್ಬೆಗೆ ಎದುರಿನ ಬೇಕರಿಯವರು ಓಡಿ ಬಂದರು.

ಅವರು ಎದ್ದದ್ದರಿಂದ ನಡುವಿನ ಮರೆ ಹೋಗಿತ್ತು. ಅಕ್ಕ ತಂಗಿ ಮುಖಾಮುಖಿ. ಅಮ್ಮ ಮಣೆ ನೋಡಿದಳು, ದೊಡ್ಡಮ್ಮನನ್ನು ನೋಡಿದಳು. ಅವಳು ಅಳುತ್ತಾಳೆಂದು ನಾನು ಹೆದರಿದೆ. ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕಾ, ಅಟ್ಟದಲ್ಲಿ ನನ್ನನ್ನು ಸೋಲಿಸುತ್ತಿದ್ದದ್ದೂ ಹೀಗೇ ಅಲ್ವಾ?"

"ಹೀಗೇ. ತುಂಬಿದ ಮನೆ ಕಂಡರೆ ನಿನಗೆ ಎತ್ತದೆ ಇರ್ಲಿಕ್ಕೆ ಆಗುವುದಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ," ಎಂದ ದೊಡ್ಡಮ್ಮನ ಕಣ್ಣು ಮಾತ್ರ ಒದ್ದೆಯಾಗಿತ್ತು. ದೇಶದೇಶದ ಓದುಗರಿಗೆ ಬಿಡಿಸಲಾಗದ ಕಗ್ಗಂಟು ಅದು. ಅವರಿಗೆಲ್ಲ ಚೆನ್ನೆ ಗೊತ್ತಿತ್ತು, ನನ್ನ ಅಮ್ಮ ಗೊತ್ತಿರಲಿಲ್ಲ.

ಪಳ್ಳಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಕ್ ಕೇಳಿತು. ಸಫಿಯಾ ಖರ್ಜೂರ, ನೀರು ತಂದಳು. ದೊಡ್ಡಮ್ಮ ಚೀಲದಿಂದ ಪತ್ರೊಡೆಯ ಕಟ್ಟು ಬಿಚ್ಚಿದರು. ನಮಗೆಂದೇ ಮಾಡಿಕೊಂಡು ಬಂದದ್ದು, ಸೋತರೂ ಗೆದ್ದರೂ ಕೊಡಲಿಕ್ಕೆ. ಅಬ್ದುಲ್ಲಚ್ಚ ಖರ್ಜೂರ ಬಾಯಿಗೆ ಹಾಕಿಕೊಂಡು, "ಯುದ್ಧದಲ್ಲಿ ಇಷ್ಟು ಹಸಿವಾಗ್ತದೆ ಅಂತ ಕಂಪ್ಯೂಟರಿನಲ್ಲಿ ಗೊತ್ತೇ ಆಗುವುದಿಲ್ಲ," ಎಂದರು. ಅಂದಿನ ಕಂತಿನಲ್ಲಿ ಅದ್ದು ಹೊರಗೆ ಬಂದ. ಸಫಿಯಾ ಅವನ ಸುತ್ತ ಎಷ್ಟು ಹೂ ಬರೆದಳೆಂದರೆ ಅವನ ಹೊಟ್ಟೆಯೇ ಕಾಣದಾಯಿತು. ಶಾರ್ಜಾದಲ್ಲಿ ದೊಡ್ಡಮ್ಮನ ಮಗ ಆ ಚಿತ್ರವನ್ನು ಕಟ್ಟು ಹಾಕಿಸಿಟ್ಟುಕೊಂಡಿದ್ದಾನೆ.

ಕತ್ತಲಾಗುವ ಮೊದಲು ಮಣೆ ಮುಚ್ಚಬೇಕಲ್ಲ. ನಾನು ಕಾಯಿಗಳನ್ನು ಒಟ್ಟುಮಾಡುವಾಗ ಅಮ್ಮ ಹೇಳಿದಳು, "ಕಾಯಿ ಇಲ್ಲೇ ಇರಲಿ ಅಕ್ಕ. ಇಲ್ಲದಿದ್ದರೆ ಮಣೆಯನ್ನೂ ನೀನೇ ತೆಗೆದುಕೊಂಡು ಹೋಗು. ನನಗೆ ಬೇಜಾರಿಲ್ಲ."

ದೊಡ್ಡಮ್ಮ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದರು. "ಮಣೆ ನಿನ್ನಲ್ಲಿರಲಿ. ಕಾಯಿ ನನ್ನಲ್ಲೇ ಇರಲಿ. ಎರಡೂ ಒಂದೇ ಕಡೆ ಇದ್ದರೆ ಬರುವ ಆಟಿಗೆ ಯಾರು ಯಾರನ್ನು ಕರೀತಾರೆ ಮಾರಾಯ್ತಿ?"

ಅಂದಿನಿಂದ ಹಾಗೆಯೇ ಉಂಟು. ಒಂದು ಆಟಿಗೆ ಡಬ್ಬಿ ಬೋವಿಕಾನಕ್ಕೆ ಬರುತ್ತದೆ, ಇನ್ನೊಂದು ಆಟಿಗೆ ಮಣೆ ಸೀತಾಂಗೋಳಿಗೆ ಹೋಗುತ್ತದೆ. ಸಫಿಯಾಳಿಗೆ ಮದುವೆಯಾಗಿ ಮಕ್ಕಳಾಗಿವೆ, ಕುದುರೆ ಬರೆಯಲು ಈಗಲೂ ಬರುವುದಿಲ್ಲ. ಆದರೆ ಅಕ್ಕ ತಂಗಿ ಎದುರುಬದುರು ಕೂರಬಾರದೆಂಬ ನಿಯಮವನ್ನು ಇಬ್ಬರೂ ಮೀರುವುದಿಲ್ಲ. ಹಾಗಾಗಿ ಮೊನ್ನೆ ಲ್ಯಾಮಿನೇಶನ್ ಮಾಡಿಸಿ ಮನೆಗೆ ಬಂದಾಗ ಜಗಲಿಯಲ್ಲಿ ಮಣೆ ಹಾಕಿತ್ತು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಬಿಳಿ ಮೀಸೆಯ ಅಬ್ದುಲ್ಲಚ್ಚ, ಅವರ ಬೆನ್ನ ಹಿಂದೆ ದೊಡ್ಡಮ್ಮ. ನನ್ನನ್ನು ಕಂಡದ್ದೇ ಅಬ್ದುಲ್ಲಚ್ಚ ಎರಡೂ ಕೈ ಎತ್ತಿ ಮೊರೆಯಿಟ್ಟರು.

"ಶಶೀ, ಬೆಳಿಗ್ಗೆಯಿಂದ ಕೂರಿಸಿದ್ದಾರೆ. ನಿನ್ನ ಅದ್ದುವನ್ನು ಒಂದೇ ಆಟಿಯಲ್ಲಿ ಹೊರಗೆ ಬಿಟ್ಟೆಯಲ್ಲ, ನನ್ನನ್ನು ಯಾವಾಗ ಬಿಡ್ತೀ?"

"ಮಾತು ಸಾಕು," ಎಂದರು ಅಕ್ಕ ತಂಗಿ ಒಟ್ಟಿಗೆ. "ಕಾಯಿ ಎತ್ತಿ."